ಮೂವರೂ ಆಡಿಲ್ಲವೆಂದ ಮಾತು

ಕೆಳಗೆ ಬರೆಯುವುದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು ಗುರುವಾರವೆಂದು ನನಗನಿಸುತ್ತದೆ. ಅವ್ವ ಸೋಮವಾರ ಎನ್ನುತ್ತಾಳೆ, ತನಗೆ ಅವತ್ತು ಉಪವಾಸವಿತ್ತು ಎನ್ನುವುದು ಅವಳ ಸಾಕ್ಷಿ. ಆದರೆ ಅವಳು ನಮ್ಮ ಜೊತೆ ಕೂತು ಒಗ್ಗರಣೆ ಅವಲಕ್ಕಿಯ ಪೋಹೆ ತಿಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಲ್‌ನ ಪರದೆಗಳನ್ನು ಎಳೆದವರು ನಾನೋ ತಮ್ಮನೋ, ಅದೂ ಖಚಿತವಿಲ್ಲ. ಖಚಿತವಾಗಿರುವುದು ಒಂದು ನೋಟ್‌ಬುಕ್ಕು ಮಾತ್ರ. ಅದರಲ್ಲಿ ನನ್ನ ಕೈಬರಹದ ಒಂದು ಸಾಲಿದೆ. ಅವತ್ತು ನಮ್ಮ ಮನೆಗೆ ಬಂದಿದ್ದ ಮೂವರು ಪೈಲಟ್‌ಗಳಲ್ಲಿ ಮೂವರೂ ಆ ಮಾತು ತಮ್ಮದಲ್ಲ ಎಂದರು.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ದೌಲತಾಬಾದಿನ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ಕತ್ತಲ ದಾರಿಯಲ್ಲಿ ಕಥೆ ಹೇಳುವ ಒಬ್ಬ ಗೈಡ್ ಇದ್ದಾರೆ. ಅವರ ಕಥೆಯಲ್ಲಿ ಮೊದಲ ವರ್ಷ ಒಬ್ಬ ಕಾವಲುಗಾರನಿದ್ದ, ಮರುವರ್ಷ ಇಬ್ಬರಾದರು, ಹೋದ ವರ್ಷ ಅವರಲ್ಲೊಬ್ಬನಿಗೆ ಹೆಂಡತಿಯೂ ಬಂದಳು. ಅವರು ಸುಳ್ಳು ಹೇಳುತ್ತಿಲ್ಲ, ನೆನಪಿಸಿಕೊಳ್ಳುತ್ತಿದ್ದಾರೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರು ನಗುತ್ತಾರೆ. ನನ್ನ ಹಳೆಯ ಡೈರಿಗಳನ್ನು ತೆರೆದಾಗ ನನಗೆ ಅಷ್ಟು ನಗು ಬರುವುದಿಲ್ಲ.

ಅಪ್ಪ ಬ್ಯಾಂಕಿನ ವರ್ಗಾವಣೆಯ ಮೇಲೆ ಕಲಬುರಗಿಯಿಂದ ಸಂಭಾಜಿನಗರಕ್ಕೆ ಬಂದಾಗ ನನಗೆ ಎಂಟು ವರ್ಷ, ತಮ್ಮನಿಗೆ ಎರಡು. ಅಪ್ಪ ಈಗಿಲ್ಲ. ಇಲ್ಲಿಯ ಮನೆಯಲ್ಲಿ ನಾನೂ ಅವ್ವನೂ ಇದ್ದೇವೆ. ನನ್ನ ಕನ್ನಡ ಹೇಗೋ ಉಳಿದುಕೊಂಡಿತು, ತಮ್ಮನದು ಅರ್ಧಕ್ಕೆ ನಿಂತಿತು. ಅವ್ವ ಕನ್ನಡದಲ್ಲಿ ಕೇಳಿದರೆ ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ತಮ್ಮ ಸರಕು ಸಾಗಿಸುವ ಒಂದು ವಿಮಾನ ಕಂಪನಿಯಲ್ಲಿ ಕೋ-ಪೈಲಟ್. ಅವನ ನೆಲೆ ನಾಸಿಕ್. ಔಷಧಿ, ವಾಹನಗಳ ಬಿಡಿಭಾಗ, ಸೀಸನ್ನಿನಲ್ಲಿ ದ್ರಾಕ್ಷಿ, ಉಳಿದ ದಿನ ಜನ ಫೋನಿನಲ್ಲಿ ತರಿಸಿಕೊಳ್ಳುವ ಸಾವಿರ ಸಾಮಾನು. ಊರು ಮಲಗಿದ ಮೇಲೆ ಹೊರಟು, ಏಳುವ ಮೊದಲು ಇಳಿಯುವುದು ಅವರ ಕೆಲಸ. ಅವನು ಮತ್ತೆ ಮೂವರು ಸೇರಿ ಬಾಡಿಗೆಗೆ ಹಿಡಿದಿರುವ ಫ್ಲ್ಯಾಟಿಗೆ ನಾನು ಮೊದಲ ಸಲ ಹೋದದ್ದು ಬೆಳಗ್ಗೆ ಒಂಬತ್ತಕ್ಕೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಒಬ್ಬರು ಟ್ಯೂಬ್‌ಲೈಟಿನ ಕೆಳಗೆ ಅನ್ನ ಸಾರು ಉಣ್ಣುತ್ತಿದ್ದರು. ಇನ್ನೊಬ್ಬರು ಯೂನಿಫಾರ್ಮ್ ಪ್ಯಾಂಟಿನಲ್ಲೇ ಸಿಂಕಿನ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡು ಹಲ್ಲುಜ್ಜುತ್ತಿದ್ದರು. ನನಗೆ ಗುಡ್ ನೈಟ್ ಹೇಳಿ ಕೋಣೆಗೆ ಹೋದರು. ಹೊರಗೆ ಶಾಲೆಯ ಮಕ್ಕಳ ಪ್ರಾರ್ಥನೆ ಕೇಳಿಸುತ್ತಿತ್ತು. ಆ ಮನೆಯಲ್ಲಿ ಯಾರೂ ಪೂರ್ತಿ ಎಚ್ಚರವಾಗಿಲ್ಲ, ಪೂರ್ತಿ ಮಲಗಿಯೂ ಇಲ್ಲ ಎಂದು ಅವತ್ತಿನ ಡೈರಿಯಲ್ಲಿ ಬರೆದಿದ್ದೇನೆ. ಅವತ್ತೇ ಹಾಗನಿಸಿತ್ತೋ, ಆಮೇಲೆ ಸೇರಿಸಿದೆನೋ ಎಂದು ನೋಡಿದೆ. ಶಾಯಿ ಒಂದೇ.

ಕಂಪನಿ ಬೆಳೆಯುತ್ತಿತ್ತು. ಮೂರು ವಿಮಾನಗಳಿದ್ದವು, ಎಂಟು ಆಗಲಿದ್ದವು. ಪೈಲಟ್‌ಗಳ ಜೊತೆ ಹೊಸ ಕರಾರು ಮಾಡಿಕೊಳ್ಳಬೇಕಾಗಿತ್ತು. ಮಾತುಕತೆಗೆ ಪೈಲಟ್‌ಗಳು ತಮ್ಮ ಕಡೆಯಿಂದ ಮೂವರನ್ನು ಆರಿಸಿದ್ದರು. ಒಬ್ಬರು ವಾಯುಪಡೆಯಿಂದ ನಿವೃತ್ತರಾಗಿ ಬಂದ ಹಿರಿಯ ಕ್ಯಾಪ್ಟನ್. ಇನ್ನೊಬ್ಬಳು ನಮ್ಮೂರಿನ ಹತ್ತಿರದ ಗಂಗಾಪುರದ ಮರಾಠಿ ರೈತರ ಮಗಳು, ಕೋ-ಪೈಲಟ್. ಮೂರನೆಯವನು ನನ್ನ ತಮ್ಮ. ನಾಸಿಕ್‌ನಲ್ಲಿ ಕೂತು ಮಾತಾಡಿದರೆ ಸಂಜೆಯೊಳಗೆ ಆಫೀಸಿಗೆ ಗೊತ್ತಾಗುತ್ತದೆ ಎಂದು ಅವರು ನಮ್ಮ ಮನೆಯಲ್ಲಿ ಸೇರುವುದೆಂದಾಯಿತು. ಕ್ಯಾಪ್ಟನ್ ಮತ್ತು ತಮ್ಮ ಬೆಳಗಿನ ಜಾವ ವಿಮಾನ ಇಳಿಸಿ, ಸ್ನಾನ ಮಾಡಿ, ಹಾಗೇ ಕಾರಿನಲ್ಲಿ ಹೊರಟು ಬಂದರು. ಗಂಗಾಪುರದವಳು ಮನೆಗೆ ಹೋಗಿದ್ದವಳು ಅಲ್ಲಿಂದಲೇ ಬಂದಳು, ಕೈಯಲ್ಲಿ ಒಂದು ಚೀಲ ಹಸಿ ಕಡಲೆಯ ಗಿಡ.

ನಡಾವಳಿ ಬರೆದುಕೊಳ್ಳುವುದಕ್ಕೆ ಹೊರಗಿನವರೊಬ್ಬರು ಬೇಕಾಗಿತ್ತು. ತಮ್ಮ ನನ್ನ ಹೆಸರು ಹೇಳಿದ್ದ. ಕ್ಯಾಪ್ಟನ್ ನನಗೆ ಒಂದೇ ನಿಯಮ ಹಾಕಿದರು. ಏನು ಹೇಳಿದರು ಎನ್ನುವುದು ಬರಲಿ, ಯಾರು ಹೇಳಿದರು ಎನ್ನುವುದು ಬರಬಾರದು. ನಾಳೆ ಆ ಕಾಗದ ಕಂಪನಿಯ ಮೇಜಿಗೆ ಹೋಗುತ್ತದೆ, ಒಬ್ಬೊಬ್ಬರನ್ನೇ ಆರಿಸಿ ಹಿಡಿಯಲು ಅವಕಾಶ ಕೊಡಬಾರದು. ಎಲ್ಲದಕ್ಕೂ ‘ಒಬ್ಬ ಸದಸ್ಯರು’ ಎಂದಷ್ಟೇ ಬರೆಯಿರಿ ಎಂದರು. ಸಾಕ್ಷಿ ಹೇಳಿದವರೇ ಇಲ್ಲದ ದಾಖಲೆ! ನನ್ನ ವೃತ್ತಿಗೆ ವಿರುದ್ಧವಾದ ಕೆಲಸ, ಆದರೂ ಒಪ್ಪಿದೆ.

ಬೆಳಗ್ಗೆ ಹನ್ನೊಂದು ಗಂಟೆಯ ಬಿಸಿಲು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಅವರು ಹೇಳಿದ್ದಕ್ಕೆ ಪರದೆ ಎಳೆದೆವು. ಹಾಲ್ ಮಬ್ಬಾಯಿತು. ಕ್ಯಾಪ್ಟನ್ ಒಂಟಿ ಕುರ್ಚಿಯಲ್ಲಿ, ಗಂಗಾಪುರದವಳು ಚಾಪೆಯ ಮೇಲೆ ಗೋಡೆಗೆ ಒರಗಿ, ತಮ್ಮ ಸೋಫಾದಲ್ಲಿ, ನಾನು ಊಟದ ಮೇಜಿನ ಹತ್ತಿರ. ಮಾತು ಹಿಂದಿ, ಇಂಗ್ಲಿಷ್, ನಡುವೆ ಮರಾಠಿ. ನಾನು ಇಂಗ್ಲಿಷಿನಲ್ಲಿ ಬರೆದುಕೊಂಡೆ. ಇಲ್ಲಿ ಅವರ ಬಾಯಲ್ಲಿ ಬರುವ ಕನ್ನಡ ನನ್ನದು.

ಮೊದಲು ಸಿಬ್ಬಂದಿಯ ಪಟ್ಟಿ ತೆಗೆದರು. ಮುಂದಿನ ತಿಂಗಳುಗಳ ಹಾರಾಟಕ್ಕೆ ಕಂಪನಿ ಮಾಡಿದ ಹಂಚಿಕೆ. ನಾಸಿಕ್‌ನ ಈಗಿನ ಪೈಲಟ್‌ಗಳ ಹೆಸರುಗಳು ಮುಗಿದ ಮೇಲೆ ‘ಹೊಸಬರು ಒಂದು’, ‘ಹೊಸಬರು ಎರಡು’ ಎಂದು ಹದಿನಾಲ್ಕರ ತನಕ ಸಾಲುಗಳಿದ್ದವು. ಅವರಿನ್ನೂ ಸೇರಿಲ್ಲ, ಅವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವರಿಗೆ ಹಾರಾಟಗಳನ್ನು ಕೊಟ್ಟಾಗಿತ್ತು, ತುರ್ತಿಗೆ ಕಾಯುವ ದಿನಗಳನ್ನು ಕೊಟ್ಟಾಗಿತ್ತು, ವಾರದ ರಜೆ ಹಾಕಿಯಾಗಿತ್ತು.

“ಐದನೇ ಹೊಸಬನಿಗೆ ಹಬ್ಬದ ರಜೆ ಸಿಕ್ಕಿದೆ ನೋಡಿ,” ಎಂದಳು ಗಂಗಾಪುರದವಳು. “ಹುಟ್ಟಿಯೇ ಇಲ್ಲ, ಆಗಲೇ ನನಗಿಂತ ಸೀನಿಯರ್.”

“ಒಳ್ಳೆಯ ಪೈಲಟ್ ಅವನು,” ಎಂದರು ಕ್ಯಾಪ್ಟನ್. “ಉಣ್ಣುವುದಿಲ್ಲ, ಮಲಗುವುದಿಲ್ಲ, ಕಮಿಟಿ ಮಾಡುವುದಿಲ್ಲ. ಕಂಪನಿಗೆ ನಮ್ಮೆಲ್ಲರಿಗಿಂತ ಅವನೇ ಇಷ್ಟ.”

ನಕ್ಕರು. ನಾನೂ ನಕ್ಕಿರಬೇಕು. ಆಮೇಲೆ ಅವಳು ಕೇಳಿದಳು, ಆ ತಾರೀಖಿಗೆ ಐದನೇ ಹೊಸಬ ಬರದೇ ಇದ್ದರೆ ಅವನ ಹಾರಾಟ ಯಾರು ಮಾಡುತ್ತಾರೆ ಎಂದು. ಮಾಡಬೇಕಾದವರು ತಾವೇ ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ವಿಮಾನಗಳದ್ದೂ ಅದೇ ಕಥೆಯಂತೆ. ನಿಲ್ದಾಣದಲ್ಲಿ ಬರಬೇಕಾದ ಐದು ವಿಮಾನಗಳಿಗೆ ನೆಲದ ಮೇಲೆ ಗೆರೆ ಎಳೆದು ಸಂಖ್ಯೆ ಬರೆದಿದ್ದಾರೆ. ಖಾಲಿ ಜಾಗ. ಆದರೂ ಅದರ ಪಕ್ಕ ಹಾದುಹೋಗುವಾಗ ಅಲ್ಲೊಂದು ವಿಮಾನ ನಿಂತಿರುವ ಹಾಗೆ, ಅದಕ್ಕೆ ರೆಕ್ಕೆ ತಾಗದ ಹಾಗೆ ಎಲ್ಲರೂ ಸ್ವಲ್ಪ ಸರಿದೇ ಹೋಗುತ್ತಾರೆ ಎಂದು ತಮ್ಮ ಹೇಳಿದ. ಅದು ನಿಯಮವೇನೂ ಅಲ್ಲವಂತೆ. ಯಾರು ಶುರು ಮಾಡಿದರೋ ಗೊತ್ತಿಲ್ಲ.

ಆಮೇಲೆ ನಿಜವಾದ ವಿಷಯಕ್ಕೆ ಬಂದರು. ಕಂಪನಿ ಎರಡು ಸಂಗತಿಗಳನ್ನು ಒಂದಕ್ಕೊಂದು ಕಟ್ಟಿಬಿಟ್ಟಿತ್ತು. ವಿಮಾನಗಳು ಹೆಚ್ಚಿದರೆ ಕ್ಯಾಪ್ಟನ್‌ಗಳು ಬೇಕು, ಕೋ-ಪೈಲಟ್‌ಗಳನ್ನು ಬಡ್ತಿಯ ತರಬೇತಿಗೆ ಕಳಿಸುತ್ತೇವೆ ಎನ್ನುವುದು ಒಂದು. ಆ ಪಟ್ಟಿಯ ಮೊದಲ ಹೆಸರು ನನ್ನ ತಮ್ಮನದು. ಹೊಸಬರು ಬರುವ ತನಕ, ಎರಡು ಡ್ಯೂಟಿಗಳ ನಡುವಿನ ವಿಶ್ರಾಂತಿಯನ್ನು ಕಾನೂನು ಹೇಳುವ ಕನಿಷ್ಠ ಮಟ್ಟಕ್ಕೆ ಇಳಿಸಬೇಕು ಎನ್ನುವುದು ಇನ್ನೊಂದು. ಹಳೆಯ ಕರಾರಿನಲ್ಲಿ ಅದಕ್ಕಿಂತ ಹೆಚ್ಚು ವಿಶ್ರಾಂತಿಯಿತ್ತು. ಎರಡನ್ನೂ ಒಪ್ಪಿ, ಇಲ್ಲವೇ ಎರಡನ್ನೂ ಬಿಡಿ ಎಂದಿದ್ದರು. ನಿದ್ದೆ ಬಿಟ್ಟುಕೊಟ್ಟರೆ ತಮ್ಮ ಕ್ಯಾಪ್ಟನ್ ಆಗುತ್ತಾನೆ. ಅವ್ವ ಆಗಲೇ ಕಲಬುರಗಿಯ ಬಳಗಕ್ಕೆಲ್ಲ ಫೋನ್ ಮಾಡಿ ಹೇಳಿಯಾಗಿತ್ತು.

ತಮ್ಮ ಒಪ್ಪೋಣ ಎಂದ. ಕೆಲವೇ ತಿಂಗಳ ಮಾತು ಎಂದ. ಕೆಲವೇ ತಿಂಗಳು ಎನ್ನುವುದನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ ಎಂದರು ಕ್ಯಾಪ್ಟನ್. ಗಂಗಾಪುರದವಳು ಇಬ್ಬರ ಮಾತಿಗೂ ತಲೆಯಾಡಿಸಿದಳು. ದೂರದ ಹಾರಾಟದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿ ಸೀಟಿನಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಬಹುದು, ಇನ್ನೊಬ್ಬರು ಎಚ್ಚರವಾಗಿರಲೇಬೇಕು ಎಂಬ ಪದ್ಧತಿಯ ಬಗ್ಗೆ ಮಾತು ಬಂತು. ಅದು ವಿಪರೀತ ಆಯಾಸಕ್ಕೆಂದು ಇರುವ ಅವಕಾಶ, ಈಗ ಅದನ್ನೇ ಊಟದ ಬಿಡುವಿನ ಹಾಗೆ ಲೆಕ್ಕ ಹಿಡಿಯುತ್ತಿದ್ದಾರೆ ಎಂದು ಕ್ಯಾಪ್ಟನ್ ಹೇಳಿದರು. ಅವ್ವ ಚಹಾ ತಂದಳು. ಅಷ್ಟೊತ್ತಿಗೆ ಎಲ್ಲರ ದನಿಯೂ ಇಳಿದಿತ್ತು. ವಾಕ್ಯಗಳ ನಡುವೆ ಬಹಳ ಹೊತ್ತು ಹೋಗುತ್ತಿತ್ತು. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆ ಮೌನಗಳಲ್ಲೊಂದರಲ್ಲಿ ನಾನು ತಲೆ ತಗ್ಗಿಸಿ ಬರೆಯುತ್ತಿದ್ದಾಗ ಸೋಫಾದ ಕಡೆಯಿಂದ ಒಂದು ದನಿ ಬಂತು. ಏರಿಳಿತವಿಲ್ಲದ, ಸುದ್ದಿ ಓದುವ ಹಾಗಿನ ದನಿ.

“ನಾ ಎದ್ದು ನೋಡ್ದಾಗ ಅವರೂ ಮಲಗಿದ್ರು. ಇಬ್ರೂ ಮಲಗಿದ್ವಿ.”

ತಲೆ ಎತ್ತದೆ ಬರೆದುಕೊಂಡೆ. ಯಾರೂ ಏನೂ ಅನ್ನಲಿಲ್ಲ. ಕ್ಯಾಪ್ಟನ್ ಚಹಾ ಮುಗಿಸಿ ಮುಂದಿನ ವಿಷಯ ತೆಗೆದರು. ಆ ಮೌನವನ್ನು ನಾನು ಗೌರವ ಎಂದುಕೊಂಡೆ. ತಮ್ಮ ತನ್ನ ಬಡ್ತಿಯನ್ನು ಪಣಕ್ಕಿಟ್ಟು ಹೇಳಬಾರದ್ದನ್ನು ಹೇಳಿದ, ಉಳಿದಿಬ್ಬರು ಅದನ್ನು ಕೆದಕದೆ ಬಿಟ್ಟರು. ಹೆಸರಿಲ್ಲದ ನಡಾವಳಿ ಇರುವುದೇ ಇಂಥದ್ದಕ್ಕಲ್ಲವೇ? ನನಗೆ ಅವನ ಬಗ್ಗೆ ಹೆಮ್ಮೆಯೆನಿಸಿತು. ಹೀಗೆ ಬರೆಯುವಾಗ ಅವತ್ತಿನ ಆ ಹೆಮ್ಮೆಯೇ ನನಗೆ ಹೆಚ್ಚು ಸ್ಪಷ್ಟವಾಗಿ ನೆನಪಿದೆ, ಅವನ ಮುಖವಲ್ಲ.

ಸಂಜೆ ಟೈಪ್ ಮಾಡಲು ಕೂತಾಗ ನೋಡಿದೆ, ಪುಟವೆಲ್ಲ ಇಂಗ್ಲಿಷಿನಲ್ಲಿದ್ದು ಆ ಒಂದು ಸಾಲು ಕನ್ನಡ ಲಿಪಿಯಲ್ಲಿತ್ತು. ಬರೆಯುವಾಗ ಕೈ ಲಿಪಿ ಬದಲಿಸಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅದನ್ನು ಇಂಗ್ಲಿಷಿಗೆ ತಂದು, ‘ಹಾರಾಟದಲ್ಲಿ ತಾವು ಎಚ್ಚರಗೊಂಡಾಗ ಜೊತೆಯ ಪೈಲಟ್ ಕೂಡ ನಿದ್ರಿಸುತ್ತಿದ್ದರೆಂದು ಒಬ್ಬ ಸದಸ್ಯರು ತಿಳಿಸಿದರು’ ಎಂದು ಮೂರನೇ ಪುಟದಲ್ಲಿ ಸೇರಿಸಿ, ಮೂವರಿಗೂ ಕಳಿಸಿದೆ. ‘ಹಾರಾಟದಲ್ಲಿ’ ಎಂಬ ಮಾತು ನೋಟ್‌ಬುಕ್ಕಿನಲ್ಲಿ ಇಲ್ಲ. ಅದನ್ನು ಹಾಕಿದವಳು ನಾನು.

ಮೂವರೂ ಸರಿಯಾಗಿದೆ ಎಂದರು. ಆಮೇಲೆ ತಿಳಿದದ್ದೇನೆಂದರೆ, ಯಾರ ಮಾತಿಗೂ ಹೆಸರಿಲ್ಲದ್ದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಮಾತುಗಳು ಸರಿಯಾಗಿ ಬಂದಿವೆಯೇ ಎಂದಷ್ಟೇ ನೋಡಿಕೊಂಡಿದ್ದರು. ತಾವು ಆಡದ ಮಾತು ಉಳಿದಿಬ್ಬರಲ್ಲಿ ಒಬ್ಬರದ್ದು ಎಂದುಕೊಂಡು ಮುಂದಕ್ಕೆ ಹೋಗಿದ್ದರು. ಮೂರನೇ ಪುಟದ ಆ ಸಾಲನ್ನು ಮೂವರೂ ಹಾಗೆಯೇ ದಾಟಿದ್ದರು. ಕಾಗದ ಕಂಪನಿಗೆ ಹೋಯಿತು.

ನಾಲ್ಕು ದಿನ ಕಂಪನಿ ಸುಮ್ಮನಿತ್ತು. ಐದನೆಯ ದಿನ ಮಾತುಕತೆ ನಿಲ್ಲಿಸಿ ಪತ್ರ ಕಳಿಸಿತು. ಆ ಸದಸ್ಯರು ಯಾರು, ಯಾವ ಹಾರಾಟ, ಯಾವ ದಿನ? ತಿಳಿಸಿದರೆ ವಿಚಾರಣೆ ಮುಗಿಯುವ ತನಕ ಅವರು ಹಾರುವಂತಿಲ್ಲ. ತಿಳಿಸದಿದ್ದರೆ ಮೂವರೂ ಹಾರುವಂತಿಲ್ಲ, ಬಡ್ತಿಯ ಪಟ್ಟಿಯೂ ಅಲ್ಲಿಗೇ ನಿಲ್ಲುತ್ತದೆ. ಮಧ್ಯಾಹ್ನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಾಗ ತಮ್ಮ ಫೋನ್ ಮಾಡಿದ. ಮೂರನೇ ಪುಟದಲ್ಲಿರುವುದನ್ನು ಹೇಳಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದ. ಅವನು ನಾಟಕ ಮಾಡುತ್ತಿದ್ದಾನೆ, ಪಕ್ಕದಲ್ಲಿ ಯಾರೋ ಇದ್ದಾರೆ ಎಂದುಕೊಂಡೆ. ಭಾನುವಾರ ಬರುತ್ತೇನೆ ಎಂದೆ.

ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ವೈಜಾಪುರ, ಯೇವಲಾ ದಾಟಿ ನಾಸಿಕ್ ಮುಟ್ಟಿದಾಗ ಎರಡು ಗಂಟೆ. ಫ್ಲ್ಯಾಟಿನ ಕಿಟಕಿಗಳ ಕಪ್ಪು ಕಾಗದ ಹಾಗೇ ಇತ್ತು. ಮೂವರೂ ಕಾಯುತ್ತಿದ್ದರು. ಗಂಗಾಪುರದವಳು ನನ್ನ ಕಡೆ ನೋಡಲಿಲ್ಲ. ಕ್ಯಾಪ್ಟನ್ ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಭಯ ತಂದದ್ದು. ಒಂದು ವರ್ಷ ನಾವು ಮಾಡಿದ ವಾದಕ್ಕೆಲ್ಲ ಹೆದರದವರು ನೀವು ಬರೆದ ಒಂದು ಸಾಲಿಗೆ ಹೆದರಿದ್ದಾರೆ, ಅದು ಹೊರಗೆ ಹೋದರೆ ಅವರಿಗೂ ಕಷ್ಟ ಎಂದರು. ಆಮೇಲೆ ನಿಧಾನವಾಗಿ ಕೇಳಿದರು. ನಾನು ಹೇಳಿಲ್ಲ, ಅವಳು ಹೇಳಿಲ್ಲ, ನಿಮ್ಮ ತಮ್ಮನೂ ಹೇಳಿಲ್ಲ ಎನ್ನುತ್ತಾನೆ.

“ಆ ಮಾತು ನಿಮ್ಮ ಕಿವಿಗೆ ಬಿದ್ದದ್ದು ಹೌದೇ?”

“ಹೌದು.”

“ಯಾವ ಕಡೆಯಿಂದ?”

ತಮ್ಮ ಎದುರಿಗೇ ಕೂತಿದ್ದ. ಅವನ ಮುಖದಲ್ಲಿ ಮುಚ್ಚಿಡುವವರ ಯಾವ ಗುರುತೂ ಇರಲಿಲ್ಲ. ಉತ್ತರ ತನಗೂ ಬೇಕು ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದ. ಆ ಸಾಲು ಕನ್ನಡದಲ್ಲಿತ್ತು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮೂವರಲ್ಲಿ ಕನ್ನಡ ಬರುತ್ತಿದ್ದವನು ಅವನೊಬ್ಬನೇ.

“ನೆನಪಿಲ್ಲ,” ಎಂದೆ.

ನೆನಪನ್ನು ನಂಬಬಾರದು ಎಂದು ಹದಿನೈದು ವರ್ಷದಿಂದ ಪಾಠ ಮಾಡಿದವಳು ಅವತ್ತು ಮೊದಲ ಸಲ ಅದರ ಹಿಂದೆ ಅಡಗಿಕೊಂಡೆ. ಎಷ್ಟು ಸುಲಭವಿತ್ತು! ಕ್ಯಾಪ್ಟನ್ ತಲೆಯಾಡಿಸಿದರು. ಹಾಗಾದರೆ ಕಂಪನಿಗೂ ಇದನ್ನೇ ಹೇಳೋಣ, ಮಾತು ಬಂದದ್ದು ನಿಜ, ಬಂದದ್ದು ಯಾರಿಂದ ಎಂದು ಬರೆದವರಿಗೂ ಗೊತ್ತಿಲ್ಲ ಎಂದರು.

ತಮ್ಮ ಬಸ್ ಸ್ಟ್ಯಾಂಡಿನ ತನಕ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆಯುತ್ತಿದ್ದ.

“ಅಕ್ಕಾ, ಖರೇ ಹೇಳ್ತೀನಿ, ನಾ ಕಾಹೀ ಹೇಳಿಲ್ಲ.”

“ಆ ಸಾಲು ಕನ್ನಡದಾಗ ಅದ.”

ಅವನು ನಿಂತ. ನೋಟ್‌ಬುಕ್ಕು ತೆಗೆದು ತೋರಿಸಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಕೇಳಿ ನಕ್ಕುಬಿಟ್ಟ.

“ಇಷ್ಟ್ ಛಲೋ ಕನ್ನಡ ನನಗ ಎಲ್ಲಿ ಬರ್ತದ ಅಕ್ಕಾ?”

ಅದು ನಿಜ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅವನು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಅದರಲ್ಲಿ ಒಂದು ಮರಾಠಿ ಇರುತ್ತದೆ. ಆ ಸಾಲಿನಲ್ಲಿ ಒಂದೂ ಇರಲಿಲ್ಲ. ಕಲಬುರಗಿಯ ಮನೆಯಂಗಳದಲ್ಲಿ ಕೂತವರ ಮಾತಿನ ಹಾಗಿತ್ತು. ನಾನೇ ಕಲ್ಪಿಸಿಕೊಂಡೆನೇ? ಮಬ್ಬು ಕೋಣೆ, ಫ್ಯಾನಿನ ಸದ್ದು, ನನಗೂ ಒಂದು ಕ್ಷಣ ಕಣ್ಣು ಹತ್ತಿ, ಕೈ ತಾನೇ ಬರೆಯಿತೇ? ಯೇವಲಾ ಬರುವಷ್ಟರಲ್ಲಿ ಅದೇ ನಿಜವೆಂದು ಅರ್ಧ ನಂಬಿದ್ದೆ. ನಂಬಿದರೆ ಎಲ್ಲರಿಗೂ ಒಳ್ಳೆಯದಿತ್ತು.

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ಅವಳು ಮೇಥಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

“ಅಂವ ಎಲ್ಲಿ ಎಚ್ಚರಿದ್ದ? ಕಣ್ಣ ತೆರಕೊಂಡೇ ಮಲಗಿದ್ದ. ಸಣ್ಣಾಂವಿದ್ದಾಗಿಂದ ಹಂಗೇ. ನಾ ಚಹಾ ಕೊಡ್ಲಾಕ ಬಂದಾಗ ಕಪ್ ಹಿಡೀಲಿಲ್ಲ, ಟೇಬಲ್ ಮ್ಯಾಲ ಇಟ್ಟು ಹೋದೆ.”

ತಮ್ಮ ಎರಡು ಮೂರು ವರ್ಷದವನಿದ್ದಾಗ ನಿದ್ದೆಯಲ್ಲಿ ಮಾತಾಡುತ್ತಿದ್ದ. ಆಗ ಅವನಿಗೆ ಇದ್ದದ್ದು ಕನ್ನಡ ಒಂದೇ. ಆಮೇಲೆ ಬಂದ ಭಾಷೆಗಳೆಲ್ಲ ಎಚ್ಚರದ ಭಾಷೆಗಳು. ಅವತ್ತು ಉಳಿದಿಬ್ಬರು ಅದನ್ನು ಅಕ್ಕ-ತಮ್ಮನ ಮನೆಮಾತೆಂದು ಕಿವಿಗೆ ಹಾಕಿಕೊಳ್ಳದೆ ಬಿಟ್ಟಿರಬೇಕು.

“ಮಲಗಿದವರಿಗಿ ಪ್ರಶ್ನಿ ಕೇಳಬಾರದು ಅಂತ ನಿನಗ ಆಗೇ ಹೇಳೀನಿ,” ಎಂದಳು ಅವ್ವ. “ಅವತ್ತ ಮತ್ತ ಯಾಕ ಕೇಳ್ದಿ?”

“ನಾ ಏನ್ ಕೇಳೀನಿ?”

“ಆಮ್ಯಾಲ ಏನಾಯ್ತು, ಅಂತ ಕೇಳ್ದಿ. ಅಡಗಿ ಮನಿಗಿ ಕೇಳಸ್ತು. ಅದಕ್ಕೇ ಅಂವ ಹೇಳ್ದ.”

ನಾನು ಕೇಳಿದ್ದೆನೇ? ನೋಟ್‌ಬುಕ್ಕಿನಲ್ಲಿ ಇಲ್ಲ. ಇರುವುದೂ ಸಾಧ್ಯವಿಲ್ಲ, ನಡಾವಳಿ ಬರೆಯುವವರು ತಮ್ಮ ಮಾತನ್ನು ಬರೆದುಕೊಳ್ಳುವುದಿಲ್ಲ. ನನಗೆ ನೆನಪಿರುವುದು ತಲೆ ತಗ್ಗಿಸಿ ಬರೆಯುತ್ತಿದ್ದದ್ದು, ಫ್ಯಾನು, ಮತ್ತೆ ಆ ದನಿ. ಅವ್ವನ ನೆನಪೂ ಸೋಮವಾರ-ಗುರುವಾರದ ನೆನಪೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವಳು ಹೇಳಿದ್ದು ನಿಜವಾದರೆ, ‘ಆಮೇಲೆ ಏನಾಯಿತು’ ಎಂದು ನಾನು ಕೇಳಬೇಕಾದರೆ, ಅದಕ್ಕಿಂತ ಮೊದಲು ಅವನು ಇನ್ನೇನೋ ಹೇಳಿರಬೇಕು. ನಾನದನ್ನು ಕೇಳಿಸಿಕೊಂಡಿರಬೇಕು. ಅದು ನೋಟ್‌ಬುಕ್ಕಿನಲ್ಲೂ ಇಲ್ಲ, ನನ್ನಲ್ಲೂ ಇಲ್ಲ. ಅವ್ವನಿಗೆ ಕುಕ್ಕರಿನ ಸದ್ದಿನಲ್ಲಿ ಕೇಳಿಸಲಿಲ್ಲವಂತೆ.

ಎರಡು ವಾರ ಮೂವರೂ ಹಾರಲಿಲ್ಲ, ಆಮೇಲೆ ಆ ಸಾಲು ಹೊರಗೆ ಹೋದೀತೆಂದು ಹೆದರಿ ಕಂಪನಿಯೇ ಬಗ್ಗಿತು. ಹೊಸಬರು ಬಂದು ಸೇರುವ ತನಕ ಹಳೆಯ ಕರಾರಿನ ವಿಶ್ರಾಂತಿಯೇ ಇರಲಿ, ಬಡ್ತಿಯ ತರಬೇತಿಯೂ ಶುರುವಾಗಲಿ ಎಂದು ಒಪ್ಪಿತು. ಒಂದೇ ಷರತ್ತು, ಮೂರನೇ ಪುಟದ ಆ ಸಾಲು ಇರಬಾರದು. ಕ್ಯಾಪ್ಟನ್ ಹೇಳಿದಂತೆ ನಾನು ಅದನ್ನು ತೆಗೆದು ಹೊಸ ಪ್ರತಿ ಮಾಡಿ ಕಳಿಸಿದೆ. ಒಂದು ಸಾಲು ಹೋದದ್ದಕ್ಕೆ ಪುಟದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಕೆಳಗಿನ ಪ್ಯಾರಾ ಮೇಲೆ ಸರಿಯಿತು ಅಷ್ಟೆ. ಮೂವರೂ ಸಹಿ ಮಾಡಿದರು. ಅವ್ವ ಕಲಬುರಗಿಗೆ ಮತ್ತೆ ಫೋನ್ ಮಾಡಿದಳು.

ನಾವು ಗೆದ್ದಿದ್ದೆವು. ಅಥವಾ ನನ್ನ ತಮ್ಮನ ನಿದ್ದೆ ಗೆದ್ದಿತ್ತು. ನನಗೆ ನೆಮ್ಮದಿಯಾಗಲಿಲ್ಲ. ನಿದ್ದೆಯಲ್ಲಿ ಆಡಿದ ಮಾತು ಕನಸಿನದ್ದಿರಬಹುದು, ಸೋಫಾದಲ್ಲೇ ಕಂಡ ಕನಸು. ‘ಹಾರಾಟದಲ್ಲಿ’ ಎಂದು ಸೇರಿಸಿದವಳು ನಾನೇ ತಾನೇ? ಹಾಗಿದ್ದರೆ ನಡೆಯದ ಸಂಗತಿಗೆ ಹೆದರಿ ಎಲ್ಲರೂ ಸಹಿ ಮಾಡಿದ್ದಾರೆ, ಯಾರಿಗೂ ನಷ್ಟವಿಲ್ಲ. ನಡೆದಿದ್ದರೆ? ಒಬ್ಬನಿಗೆ ಅದು ಎಚ್ಚರದಲ್ಲಿ ನೆನಪಿಲ್ಲ. ಇನ್ನೊಬ್ಬರು ಮಲಗಿದ್ದರು, ಅವರಿಗೆ ಗೊತ್ತಿರುವ ಪ್ರಶ್ನೆಯೇ ಇಲ್ಲ. ಅಷ್ಟು ಎತ್ತರದಲ್ಲಿ ನಡೆದದ್ದಕ್ಕೆ ಲೋಕದಲ್ಲಿ ಇರುವ ಸಾಕ್ಷಿ ನನ್ನ ನೋಟ್‌ಬುಕ್ಕು ಒಂದು ಮಾತ್ರ.

ಸಹಿಯಾದ ಮರುದಿನ ಕ್ಯಾಪ್ಟನ್ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಮಾತು ಮುಗಿಯಿತು ಎಂದುಕೊಳ್ಳುವಾಗ, ನನ್ನ ಹಾರಾಟಗಳ ಲಾಗ್‌ಬುಕ್ ತೆಗೆದು ನೋಡಿದೆ ಎಂದರು. ನನ್ನ ತಮ್ಮನ ಜೊತೆ ಹನ್ನೊಂದು ಸಲ ಹಾರಿದ್ದಾರಂತೆ.

“ಹನ್ನೊಂದು ಸಲವೂ ನಾನು ಎಚ್ಚರವಾಗಿದ್ದೆ,” ಎಂದರು. ಸ್ವಲ್ಪ ತಡೆದು, “ಎಂದು ನನ್ನ ನೆನಪು,” ಎಂದರು.

ನಾನೇನೂ ಕೇಳಿರಲಿಲ್ಲ.

ತರಬೇತಿಗೆ ಹೋಗುವ ಮೊದಲು ತಮ್ಮ ಎರಡು ದಿನ ಮನೆಗೆ ಬಂದ. ಮೊದಲ ದಿನ ಪೂರ್ತಿ ಮಲಗಿದ. ನಾನು ಅವನ ಕೋಣೆಯ ಹತ್ತಿರ ಹೋಗಲಿಲ್ಲ. ಬಾಗಿಲ ತನಕ ಹೋಗಿ ವಾಪಸು ಬಂದೆ ಎನ್ನುವುದು ಹೆಚ್ಚು ಸರಿ. ಎರಡನೆಯ ದಿನ ಬೆಳಗ್ಗೆ ಅವನು ಬಾಲ್ಕನಿಯ ಬೆಳಕಿನಲ್ಲಿ ಕೂತು ದಪ್ಪ ದಪ್ಪ ಪುಸ್ತಕಗಳನ್ನು ಬ್ಯಾಗಿಗೆ ತುಂಬುತ್ತಿದ್ದ. ಇನ್ನು ಕೆಲವು ತಿಂಗಳಲ್ಲಿ ಅವನು ಎಡಗಡೆಯ, ಕ್ಯಾಪ್ಟನ್ನರ ಸೀಟಿನಲ್ಲಿ ಕೂರುತ್ತಾನೆ. ಪಕ್ಕದಲ್ಲಿ ಕೂರುವವರು ಈಗಿನ್ನೂ ಬರೀ ಒಂದು ಸಂಖ್ಯೆ, ಬಹುಶಃ ಐದನೇ ಹೊಸಬ. ತುಂಬ ಖುಷಿಯಾಗಿದ್ದ. ಅವ್ವ ಮಾಡಿಕೊಟ್ಟ ಶೇಂಗಾ ಹೋಳಿಗೆ ಎಲ್ಲಿ ಇಡುವುದು ಎಂದು ನನ್ನನ್ನು ಕೇಳಿದ.

ನಡೆಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಆ ಇಲ್ಲಕ್ಕೆ ಏನೂ ಬೆಲೆಯಿರುವುದಿಲ್ಲ ಎನ್ನುವುದೂ ಗೊತ್ತಿತ್ತು. ಅದಕ್ಕೆ ಬೇರೆ ಪ್ರಶ್ನೆ ಕೇಳಿದೆ, ನಡೆದದ್ದು ಇಬ್ಬರಿಗೂ ಗೊತ್ತಿದೆ ಎನ್ನುವ ದನಿಯಲ್ಲಿ, ಕನ್ನಡದಲ್ಲಿ. ಅವನು ನಗಬಹುದು, ಹುಚ್ಚಿ ಎನ್ನಬಹುದು, ಯಾವಾಗ ಎಂದು ಕೇಳಬಹುದು ಎಂದುಕೊಂಡಿದ್ದೆ. ಅವನು ಹೋಳಿಗೆಯ ಡಬ್ಬಿ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡಿದ. ಎಷ್ಟು ಹೊತ್ತು ಎಂದು ಹೇಳಲಾರೆ. ಕಣ್ಣು ತೆರೆದಿತ್ತು. ಆಮೇಲೆ ಡಬ್ಬಿಯನ್ನು ಬಟ್ಟೆಗಳ ನಡುವೆ ಇಟ್ಟು ಬ್ಯಾಗಿನ ಜಿಪ್ ಎಳೆದ. ಹೋಗಿ ಮೂರು ವಾರವಾಯಿತು. ದಿನವೂ ಫೋನ್ ಮಾಡುತ್ತಾನೆ, ಊಟದ ಬಗ್ಗೆ, ಪರೀಕ್ಷೆಗಳ ಬಗ್ಗೆ, ಅವ್ವನ ಮೊಣಕಾಲಿನ ಬಗ್ಗೆ ಮಾತಾಡುತ್ತಾನೆ. ಇದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟು:

“ಇಬ್ರೂ ಮಲಗಿದ್ರಿ ಅಂದ್ರ, ನಿನ್ನ ಎಬ್ಬಿಸಿದ್ದು ಯಾರು?”